ಕಡಿಮೆ ಬೆಲೆಯ ಜೇಬುಚಾಕು: ಉಕ್ಕಿನ ಹೆಸರು ಓದುವ ಮೊದಲು ನೋಡಬೇಕಾದದ್ದು

"ಡಿ2 ಉಕ್ಕಿನ ಚಾಕು ಕೊಳ್ಳಲೇ, 8ಸಿಆರ್13ಎಂಒವಿ ಸಾಕೇ?" ಜೇಬುಚಾಕುವಿನ ಮಾತು ಬಂದಾಗಲೆಲ್ಲ ಓದುಗರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಅಕ್ಷರ, ಅಂಕಿ ಬದಲಾಗುತ್ತವೆ, ಪ್ರಶ್ನೆ ಬದಲಾಗುವುದಿಲ್ಲ. ಆದರೆ ಕಡಿಮೆ ಬೆಲೆಯ ಚಾಕುಗಳ ಮಟ್ಟಿಗೆ ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಅಲಗಿನ ಮೇಲೆ ಅಚ್ಚೊತ್ತಿದ ಹೆಸರು ಆ ಉಕ್ಕಿನಲ್ಲಿ ಏನೇನು ಬೆರೆತಿದೆ ಎಂದಷ್ಟೇ ಹೇಳುತ್ತದೆ. ಅದನ್ನು ಎಷ್ಟು ತೆಳ್ಳಗೆ ತೀಡಿದ್ದಾರೆ, ಕಾಯಿಸಿ ತಣಿಸಿ ಹದ ಸರಿಯಾಗಿ ಕೊಟ್ಟಿದ್ದಾರೆಯೇ, ತೆರೆದ ಅಲಗು ಅಲುಗಾಡದೆ ನಿಲ್ಲುತ್ತದೆಯೇ ಎಂಬುದು ಅದರಲ್ಲಿ ಇಲ್ಲ. ಚಾಕು ಕೈಗೆ ಒದಗುವುದು, ಕೈಕೊಡುವುದು ಎರಡೂ ಈ ಮೂರರಿಂದಲೇ.

ಅದಕ್ಕಾಗಿ ಹಂತಗಳನ್ನು ಬೇಕೆಂದೇ ಈ ಕ್ರಮದಲ್ಲಿ ಇಟ್ಟಿದ್ದೇನೆ: ಕೆಲಸ, ಅಲಗಿನ ಆಕಾರ, ತೆರೆದ ಅಲಗನ್ನು ಹಿಡಿದಿಡುವ ಲಾಕ್, ಆಮೇಲೆ ಉಕ್ಕು. ನೇರವಾಗಿ ಉಕ್ಕಿನ ಹಂತಕ್ಕೆ ಹಾರುವ ಆಸೆಯಾದರೆ ಸ್ವಲ್ಪ ತಡೆದುಕೊಳ್ಳಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಟಾರ್ಚ್, ಚಿಕ್ಕ ಅಯಸ್ಕಾಂತ, ಕೆಲವು ಹಾಳೆ ತೆಳು ಕಾಗದ, ಒಂದು ರಟ್ಟಿನ ಪೆಟ್ಟಿಗೆ, ಹತ್ತಿರದಿಂದ ನೋಡಲು ಭೂತಗನ್ನಡಿ ಅಥವಾ ಮೊಬೈಲ್ ಕ್ಯಾಮೆರಾ. ದಪ್ಪ ಅಳೆಯುವ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೆಯದು. ಸ್ಕ್ರೂ ಇರುವ ಚಾಕುವಾದರೆ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕಾಗುತ್ತದೆ. ಆರು ಮೂಲೆಯ ನಕ್ಷತ್ರದಂತಹ ತಲೆಯ ಸ್ಕ್ರೂಗಳಿಗೆ ಅದೇ ಆಗಬೇಕು. ಟಿ6 ಮತ್ತು ಟಿ8 ಅಳತೆಯವು ಇದ್ದರೆ ಬಹುತೇಕ ಚಾಕುಗಳಿಗೆ ಸಾಕು. ಅಂಚೆಯಲ್ಲಿ ತರಿಸುವವರು ಸರಕು ಹಿಂದಿರುಗಿಸುವ ಅವಧಿ ಎಷ್ಟೆಂದು ಮೊದಲೇ ನೋಡಿಕೊಳ್ಳಿ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅರ್ಧದಷ್ಟನ್ನು ಚಾಕು ಕೈಗೆ ಬಂದ ಮೇಲೆಯೇ ಮಾಡಲು ಸಾಧ್ಯ.

ಪದಗಳ ಬಗ್ಗೆ ಒಂದು ಮಾತು. ಕತ್ತರಿಸುವ ಗೆರೆಯನ್ನು ಅಂಚು ಎಂದೂ, ಅದರ ಎದುರಿನ ದಪ್ಪ ಭಾಗವನ್ನು ಬೆನ್ನು ಎಂದೂ, ಹಿಡಿಯೊಳಗೆ ಸೇರುವ ಭಾಗವನ್ನು ಬುಡ ಎಂದೂ ಕರೆದಿದ್ದೇನೆ. ಅಲಗು ತಿರುಗುವ ಜಾಗ ಕೀಲು.

1. ಕೆಲಸ ಯಾವುದೆಂದು ನಿಶ್ಚಯಿಸಿ

ಪಾರ್ಸೆಲ್ ಬಿಚ್ಚುವುದು, ಹಗ್ಗ ಕತ್ತರಿಸುವುದು, ಹಣ್ಣು ಹೆಚ್ಚುವುದು, ಪೆನ್ಸಿಲ್ ಚೂಪು ಮಾಡುವುದು, ರಟ್ಟು ಸೀಳುವುದು. ಬಹುತೇಕ ಜೇಬುಚಾಕುಗಳ ದಿನಚರಿ ಇಷ್ಟೇ. ಇದಕ್ಕೆ 7ರಿಂದ 8.5 ಸೆಂಟಿಮೀಟರ್ ಉದ್ದದ ಅಲಗು ಧಾರಾಳವಾಯಿತು. ಯುದ್ಧಕ್ಕೆ ಹೊರಟಂತೆ ಕಾಣುವ ದಪ್ಪ, ಕಪ್ಪು, ಹಲ್ಲುಹಲ್ಲಿನ ಅಲಗುಗಳು ಚಿತ್ರದಲ್ಲಿ ಚೆಂದ. ಇಂತಹ ಕೆಲಸಕ್ಕೆ ಅವು ತಡವರಿಸುತ್ತವೆ. ಸೀಟಿ, ಟಾರ್ಚ್, ಗಾಜು ಒಡೆಯುವ ಮೊಳೆ ಎಲ್ಲವೂ ಒಂದೇ ಚಾಕುವಿನಲ್ಲಿ, ಅದೂ ಅಗ್ಗಕ್ಕೆ ಸಿಗುತ್ತಿದ್ದರೆ, ಅಲಗಿಗೆ ಖರ್ಚು ಮಾಡಬೇಕಾದ ಹಣ ಎಲ್ಲಿಗೆ ಹೋಗಿದೆ ಎಂದು ನೀವೇ ಊಹಿಸಿ.

ಡಬ್ಬಿಯ ಮುಚ್ಚಳ ಮೀಟಲು, ಸ್ಕ್ರೂ ತಿರುಗಿಸಲು ಚಾಕು ಬೇಕೆನ್ನುವವರಿಗೆ ನನ್ನ ಉತ್ತರ ಒಂದೇ: ಸ್ಕ್ರೂಡ್ರೈವರ್ ಕೊಳ್ಳಿ. ಮಡಚುವ ಚಾಕು ಸನ್ನೆಗೋಲಲ್ಲ.

ಕಾನೂನನ್ನೂ ಈಗಲೇ ನೋಡಿಕೊಳ್ಳಿ. ಕೆಲವೆಡೆ ಅಲಗಿನ ಉದ್ದಕ್ಕೆ ಮಿತಿ ಇದೆ, ಕೆಲವೆಡೆ ಲಾಕ್ ಇರುವ ಚಾಕುವನ್ನು ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಹಲವೆಡೆ ಗುಂಡಿ ಒತ್ತಿದರೆ ತಾನಾಗಿ ಚಿಮ್ಮುವ ಅಲಗಿಗೆ ನಿಷೇಧವಿದೆ. ಕೊಂಡ ಮೇಲೆ ತಿಳಿದರೆ ಪ್ರಯೋಜನವಿಲ್ಲ.

2. ಅಲಗಿನ ಆಕಾರ ನೋಡಿ

ಕತ್ತರಿಸುವ ಸುಖ ಇರುವುದು ಇಲ್ಲಿ. ಚಾಕು ಎಂದರೆ ಒಂದು ಆಪು, ಅಂದರೆ ಬೆಣೆ. ಆಪು ತೆಳ್ಳಗಿದ್ದಷ್ಟೂ ಒಳಗೆ ಇಳಿಯುವುದು ಸುಲಭ. ಬೆನ್ನಿನ ದಪ್ಪ 2ರಿಂದ 3 ಮಿಲಿಮೀಟರ್ ಇದ್ದರೆ ಜೇಬುಚಾಕುವಿಗೆ ಸಾಕು. ಅದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ, ಅದನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ: ಅಂಚಿನ ಹಿಂದಿನ ದಪ್ಪ. ಸಾಣೆ ಹಿಡಿದ ಸಣ್ಣ ಹೊಳೆಯುವ ಪಟ್ಟಿ ಮುಗಿದು ಅಲಗಿನ ಮೈ ಶುರುವಾಗುವ ಜಾಗವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ಅರ್ಧ ಮಿಲಿಮೀಟರಿನ ಆಸುಪಾಸಿದ್ದರೆ ಒಳ್ಳೆಯ ಕೆತ್ತನೆ. 0.8 ದಾಟಿದರೆ ಆ ಚಾಕು ಎಷ್ಟೇ ಹರಿತವಾಗಿದ್ದರೂ ರಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಗಟ್ಟಿ ಹಣ್ಣನ್ನು ಕತ್ತರಿಸುವ ಬದಲು ಸೀಳುತ್ತದೆ. ಕ್ಯಾಲಿಪರ್ ಇಲ್ಲದವರು ಆ ಹೊಳೆಯುವ ಪಟ್ಟಿಯ ಅಗಲ ನೋಡಿ. ಕೋನ ಒಂದೇ ಆಗಿದ್ದರೆ, ಪಟ್ಟಿ ಅಗಲವಾದಷ್ಟೂ ಹಿಂದಿನ ದಪ್ಪ ಹೆಚ್ಚು.

ವಿಕ್ಟೋರಿನಾಕ್ಸ್ ಕಂಪನಿಯ ಕೆಂಪು ಹಿಡಿಯ ಸ್ವಿಸ್ ಚಾಕು ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಉಕ್ಕು ರಾಕ್‌ವೆಲ್ ಸಿ ಎಂಬ ಗಡಸುತನದ ಅಳತೆಯಲ್ಲಿ (ಅದರ ವಿವರ 4ನೇ ಹಂತದಲ್ಲಿದೆ) 56ರ ಆಸುಪಾಸಿನದು. ಇಂದು ಅಗ್ಗದ ಚಾಕುಗಳೂ ಇದಕ್ಕಿಂತ ದೊಡ್ಡ ಅಂಕಿಯನ್ನು ಪೆಟ್ಟಿಗೆಯ ಮೇಲೆ ಬರೆದುಕೊಳ್ಳುತ್ತವೆ. ಆದರೂ ಅದರ ತೆಳುವಾದ ಅಲಗು ಎಷ್ಟೋ ದಪ್ಪ ಚಾಕುಗಳಿಗಿಂತ ಸಲೀಸಾಗಿ ಕತ್ತರಿಸುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿನ ಕಥೆಯೂ ಇದೇ: ಮರದ ಹಿಡಿ, ತೆಳ್ಳನೆಯ ಅಲಗು, ಒಂದು ಉಂಗುರ. 1890ರಿಂದ ಬಂದಿರುವ ಆ ವಿನ್ಯಾಸದಲ್ಲಿ ಅಬ್ಬರ ಒಂದಿಷ್ಟೂ ಇಲ್ಲ.

ಅಲಗಿನ ಇಳಿಜಾರಿಗೆ ಕೆಲವು ಹೆಸರುಗಳಿವೆ. ಬೆನ್ನಿನಿಂದ ಅಂಚಿನವರೆಗೆ ಒಂದೇ ಸಮನೆ ಇಳಿದರೆ ಅದು ಪೂರ್ಣ ಫ್ಲಾಟ್. ದಿನನಿತ್ಯದ ಕೆಲಸಕ್ಕೆ ನನ್ನ ಮೊದಲ ಆಯ್ಕೆ. ಮಧ್ಯದವರೆಗೆ ದಪ್ಪವಾಗಿಯೇ ಇದ್ದು ಅಲ್ಲಿಂದ ಕೆಳಕ್ಕೆ ಇಳಿದರೆ ಸೇಬರ್. ಬಲ ಹೆಚ್ಚು, ನುಗ್ಗುವುದು ಕಷ್ಟ. ಒಳಬಾಗಿದ ಇಳಿಜಾರು ಹಾಲೋ. ಅಂಚಿನ ಬಳಿ ಬಹಳ ತೆಳು, ಮೇಲೇರಿದಂತೆ ದಪ್ಪ.

ಈಗ ಕಣ್ಣಿನ ಪರೀಕ್ಷೆ. ಚಾಕುವನ್ನು ತೆರೆದು, ಮೊನೆ ನಿಮ್ಮ ಕಡೆಗಿರುವಂತೆ ಹಿಡಿದು, ಅಂಚಿನ ಉದ್ದಕ್ಕೂ ನೋಟ ಹಾಯಿಸಿ. ಅಂಚಿನ ಗೆರೆ ಅಲಗಿನ ನಡುವೆ ನೆಟ್ಟಗೆ ಸಾಗಬೇಕು. ಆಮೇಲೆ ಒಂದೊಂದೇ ಮಗ್ಗುಲು ತಿರುಗಿಸಿ ಹೊಳೆಯುವ ಪಟ್ಟಿಯನ್ನು ಹೋಲಿಸಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ಅದು ಸಾಣೆಯಲ್ಲಿ ಆದ ಅವಸರ. ನೀವೇ ಮಸೆದು ಸರಿಪಡಿಸಬಹುದು. ಅಲಗಿನ ಮೈಯೇ ಸೊಟ್ಟಗಿದ್ದರೆ ಸರಿಪಡಿಸುವ ಪ್ರಶ್ನೆಯೇ ಇಲ್ಲ, ಹಿಂದಿರುಗಿಸಿ.

ಕೋಣೆಯ ದೀಪ ಆರಿಸಿ, ಅಂಚು ಮೇಲ್ಮುಖವಾಗಿರುವಂತೆ ಹಿಡಿದು ನೇರ ಮೇಲಿನಿಂದ ಟಾರ್ಚ್ ಬಿಡಿ. ನಿಜವಾಗಿ ಹರಿತವಾದ ಅಂಚು ಬೆಳಕನ್ನು ಮರಳಿಸುವುದಿಲ್ಲ. ಕಪ್ಪು ಗೆರೆಯಾಗಿಯೇ ಕಾಣುತ್ತದೆ. ಎಲ್ಲಿ ಮಿಣುಕು ಚುಕ್ಕೆ ಕಾಣುತ್ತದೆಯೋ ಅಲ್ಲಿ ಅಂಚು ಮೊಂಡಾಗಿದೆ, ಮಗುಚಿದೆ ಅಥವಾ ಮುಕ್ಕಾಗಿದೆ. ಮೊನೆಯ ಬಳಿ ನೀಲಿ ಅಥವಾ ಕಂದು ಛಾಯೆ ಇದೆಯೇ ಎಂದೂ ನೋಡಿ. ಯಂತ್ರದ ಪಟ್ಟಿಯ ಮೇಲೆ ಸಾಣೆ ಹಿಡಿಯುವಾಗ ತೆಳುವಾದ ಮೊನೆ ಬೇಗ ಕಾಯುತ್ತದೆ. ಬಣ್ಣ ಬಂದಿದೆಯೆಂದರೆ ಅಲ್ಲಿ ಹದ ಕೆಟ್ಟಿದೆ.

ಬುಡದ ಕಡೆ ಅಂಚು ಹೇಗೆ ಮುಗಿಯುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅಲ್ಲಿ ಒಂದು ಸಣ್ಣ ಕಚ್ಚು ಇದ್ದರೆ ಅಂಚನ್ನು ಕೊನೆಯವರೆಗೂ ಕಲ್ಲಿಗೆ ತಾಗಿಸಬಹುದು. ಕಚ್ಚು ಇಲ್ಲದೆ ಅಂಚು ದಪ್ಪ ಭಾಗದೊಳಗೆ ಹೋಗಿ ಸೇರಿದ್ದರೆ, ಮಸೆಯುತ್ತ ಹೋದಂತೆ ಬುಡದ ಬಳಿ ಒಂದು ಗುಬುಟು ಎದ್ದು ನಿಲ್ಲುತ್ತದೆ.

ಹೊಸ ಚಾಕು ಕೂದಲು ಬೋಳಿಸುವಷ್ಟು ಹರಿತವಾಗಿದೆ ಎಂದು ಹಿಗ್ಗಬೇಡಿ. ಕಳಪೆ ಉಕ್ಕಿಗೂ ಒಂದು ದಿನದ ಮಟ್ಟಿಗೆ ಆ ಹರಿತ ಕೊಡಬಹುದು. ಹಾಗೆಯೇ ಕಪ್ಪು ಲೇಪನ ಇರುವ ಅಲಗನ್ನು ಎರಡು ಸಲ ನೋಡಿ. ಒರಟು ಕೆತ್ತನೆಯನ್ನು ಮುಚ್ಚಿಡಲು ಬಣ್ಣ ಸುಲಭದ ದಾರಿ. ಲೇಪನದಿಂದ ಮೈಗೆ ತುಕ್ಕಿನಿಂದ ರಕ್ಷಣೆ ಸಿಗುತ್ತದೆ ನಿಜ, ಅಂಚಿಗೆ ಸಿಗುವುದಿಲ್ಲ. ಅಂಚು ಯಾವಾಗಲೂ ಬರಿಮೈಯದೇ.

3. ಲಾಕ್ ಮತ್ತು ಕೀಲು ಪರೀಕ್ಷಿಸಿ

ಉಕ್ಕು ಕಳಪೆಯಾದರೆ ಮತ್ತೆ ಮಸೆಯಬಹುದು. ಲಾಕ್ ಕಳಪೆಯಾದರೆ ಬೆರಳು ಹೋಗುತ್ತದೆ. ಹಾಗಾಗಿ ಈ ಹಂತದಲ್ಲಿ ರಿಯಾಯಿತಿ ಬೇಡ.

ಅಗ್ಗದ ಚಾಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ಬಗೆ. ಲಾಕ್ ಇಲ್ಲದೆ ಬೆನ್ನಿನ ಸ್ಪ್ರಿಂಗ್ ಬಿಗಿಯಿಂದಲೇ ನಿಲ್ಲುವುದು ಸ್ಲಿಪ್‌ಜಾಯಿಂಟ್. ಸ್ವಿಸ್ ಚಾಕುಗಳ ದೊಡ್ಡ ಪಾಲು ಈ ಬಗೆಯದು. ಹಿಡಿಯ ಬೆನ್ನಿನಲ್ಲಿರುವ ಕೊಕ್ಕೆ ಅಲಗಿನ ಬುಡಕ್ಕೆ ಕಚ್ಚಿಕೊಳ್ಳುವುದು ಬ್ಯಾಕ್ ಲಾಕ್. ಹಿಡಿಯೊಳಗಿನ ಲೋಹದ ಹಾಳೆ ಪಕ್ಕಕ್ಕೆ ಚಿಮ್ಮಿ ಬುಡದ ಹಿಂದೆ ನಿಲ್ಲುವುದು ಲೈನರ್ ಲಾಕ್. ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ 1980ರ ದಶಕದ ಆರಂಭದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟ. ಹಾಳೆಯ ಬದಲು ಹಿಡಿಯ ಒಂದು ಪಕ್ಕವೇ ಆ ಕೆಲಸ ಮಾಡಿದರೆ ಫ್ರೇಮ್ ಲಾಕ್. ಒಪಿನೆಲ್ ಚಾಕುವಿನ ತಿರುಗುವ ಉಂಗುರ ಇವುಗಳಿಂದ ಬೇರೆ. 1955ರಲ್ಲಿ ಬಂದ ಅದು ಸರಳ, ಗಟ್ಟಿ. ಆದರೆ ಪ್ರತಿ ಸಲ ನೆನಪಿಟ್ಟುಕೊಂಡು ನೀವೇ ತಿರುಗಿಸಬೇಕು.

ಪರೀಕ್ಷೆಗೆ ಮೊದಲು ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಚಾಕುವನ್ನು ತೆರೆದು, ಒಂದು ಕೈಯಲ್ಲಿ ಹಿಡಿಯನ್ನೂ ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗಿನ ಬೆನ್ನನ್ನೂ ಹಿಡಿಯಿರಿ. ಮೇಲೆ ಕೆಳಗೆ ಆಡಿಸಿ ನೋಡಿ. ಟಿಕ್ ಟಿಕ್ ಎಂದು ಅಲುಗಿದರೆ ಲಾಕ್ ಮತ್ತು ಬುಡ ಸರಿಯಾಗಿ ಕೂಡಿಲ್ಲ. ಬ್ಯಾಕ್ ಲಾಕ್‌ನಲ್ಲಿ ಕೂದಲೆಳೆಯಷ್ಟು ಅಲುಗಾಟವನ್ನು ಸಹಿಸಿಕೊಳ್ಳಬಹುದು, ಲೈನರ್ ಲಾಕ್‌ನಲ್ಲಿ ಅದೂ ಸಲ್ಲದು. ಆಮೇಲೆ ಎಡಕ್ಕೆ ಬಲಕ್ಕೆ ಆಡಿಸಿ. ಪಕ್ಕದ ಅಲುಗಾಟ ಬಹಳ ಸಲ ಕೀಲಿನ ಸ್ಕ್ರೂ ಕಾಲು ಸುತ್ತು ಬಿಗಿದರೆ ಹೋಗುತ್ತದೆ. ಮೇಲೆ ಕೆಳಗಿನ ಅಲುಗಾಟಕ್ಕೆ ಅಂತಹ ಮದ್ದು ಇಲ್ಲ.

ಲೈನರ್ ಲಾಕ್ ಆದರೆ ಚಾಕುವನ್ನು ತೆರೆದು, ಅಂಚಿನ ಕಡೆಯಿಂದ ಹಿಡಿಯೊಳಗೆ ಇಣುಕಿ. ಲೋಹದ ಹಾಳೆಯ ತುದಿ ಬುಡದ ಅಗಲದಲ್ಲಿ ಎಲ್ಲಿ ನಿಂತಿದೆ? ಹೊಸ ಚಾಕುವಿನಲ್ಲಿ ಅದು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒಳಗೆ ಬಂದಿದ್ದರೆ ಸರಿ. ಬುಡದ ಒಂದು ತುದಿಯನ್ನಷ್ಟೇ ತಾಗಿ ನಿಂತಿದ್ದರೆ ಜಾರುವ ಭಯ. ಈಗಲೇ ಎದುರು ಬದಿಯ ಗೋಡೆ ಮುಟ್ಟಿದ್ದರೆ ಸವೆತಕ್ಕೆ ಜಾಗವೇ ಉಳಿದಿಲ್ಲ. ಕೆಲವು ತಿಂಗಳಲ್ಲಿ ಅಲುಗಾಟ ಶುರು. ಹತ್ತಿಪ್ಪತ್ತು ಸಲ ಬೇರೆ ಬೇರೆ ವೇಗದಲ್ಲಿ ತೆರೆದು ನೋಡಿ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲಬೇಕು.

ಕೊನೆಗೆ, ಹಿಡಿಯನ್ನು ಅಂಗೈಯಲ್ಲಿ ಇಟ್ಟು ಬೆರಳುಗಳನ್ನು ದೂರ ಮಾಡಿ, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ನಿಧಾನವಾಗಿ ಭಾರ ಹಾಕಿ. ಲಾಕ್ ಸರಿದರೆ ಆ ಚಾಕು ಬೇಡ. ಬೆನ್ನನ್ನು ಮೇಜಿಗೆ ಪಟಪಟ ಬಡಿದು ಪರೀಕ್ಷಿಸುವ ವಿಡಿಯೊಗಳನ್ನು ನೀವು ನೋಡಿರಬಹುದು. ಹಾಗೆ ಮಾಡಬೇಡಿ. ಚೆನ್ನಾಗಿದ್ದ ಲಾಕ್ ಕೂಡ ಆ ಹೊಡೆತಕ್ಕೆ ಹಾಳಾಗಬಹುದು, ಮೇಲಾಗಿ ಆ ಬಗೆಯ ಪೆಟ್ಟು ನಿಜವಾದ ಕೆಲಸದಲ್ಲಿ ಬೀಳುವುದೇ ಇಲ್ಲ.

ಮಡಚಿದಾಗಲೂ ಅಲಗು ಒಳಗೆ ಗಟ್ಟಿಯಾಗಿ ಕೂರಬೇಕು. ಅಲಗು ಹೊರಬರುವ ಬದಿ ಕೆಳಮುಖವಾಗಿರುವಂತೆ ಹಿಡಿದು ಮೆಲ್ಲಗೆ ಕೊಡವಿದರೆ ಅಲಗು ಹೊರಬಂದರೆ, ಅಂತಹ ಚಾಕು ಜೇಬಿನಲ್ಲಿ ಇರತಕ್ಕದ್ದಲ್ಲ. ಅಲಗು ಹಿಡಿಯ ನಟ್ಟನಡುವೆ ನಿಲ್ಲದೆ ತುಸು ಪಕ್ಕಕ್ಕಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದ ಗೋಡೆಗೆ ಉಜ್ಜದಿದ್ದರೆ ಸಾಕು.

4. ಈಗ ಉಕ್ಕು

ಅಂಚು ಹರಿತ ಕಳೆದುಕೊಳ್ಳುವುದು ಮುಖ್ಯವಾಗಿ ಮೂರು ರೀತಿಯಲ್ಲಿ: ಮೆತ್ತಗಿದ್ದರೆ ಮಗುಚುತ್ತದೆ, ಪೆಡಸಾಗಿದ್ದರೆ ಮುಕ್ಕಾಗುತ್ತದೆ, ಎರಡೂ ಅಲ್ಲದಿದ್ದರೆ ಕಾಲಕ್ರಮದಲ್ಲಿ ಸವೆಯುತ್ತದೆ. ಉಕ್ಕಿನ ಆಯ್ಕೆ ಎಂದರೆ ಗಡಸುತನ, ಪೆಟ್ಟು ತಾಳಿಕೆ, ಸವೆತ ತಾಳಿಕೆ, ತುಕ್ಕು ತಾಳಿಕೆ ಈ ನಾಲ್ಕರ ನಡುವಿನ ಚೌಕಾಸಿ. ನಾಲ್ಕೂ ಒಟ್ಟಿಗೆ ಸಿಗುತ್ತವೆ ಎನ್ನುವವರು ಏನನ್ನೋ ಮಾರುತ್ತಿದ್ದಾರೆ.

ಇಂಗಾಲ ಹೆಚ್ಚಿದಂತೆ ಉಕ್ಕನ್ನು ಹೆಚ್ಚು ಗಡಸು ಮಾಡಬಹುದು. ಕ್ರೋಮಿಯಂ ತುಕ್ಕು ತಡೆಯುತ್ತದೆ, ಸುಮಾರು 10.5 ಶೇಕಡಾ ದಾಟಿದ ಉಕ್ಕನ್ನು ಸಾಮಾನ್ಯವಾಗಿ ಸ್ಟೇನ್‌ಲೆಸ್ ಎನ್ನುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಇಂಗಾಲ ಹೆಚ್ಚಾದರೆ ಕ್ರೋಮಿಯಂನ ಒಂದು ಪಾಲು ಅದರೊಂದಿಗೆ ಸೇರಿ ಕಾರ್ಬೈಡ್ ಎಂಬ ಗಡಸು ಕಣಗಳಾಗುತ್ತದೆ. ಆ ಕಣಗಳು ಸವೆತ ತಡೆಯುತ್ತವೆ, ಆದರೆ ಅವುಗಳಲ್ಲಿ ಸಿಕ್ಕಿಬಿದ್ದ ಕ್ರೋಮಿಯಂ ತುಕ್ಕು ತಡೆಯಲು ಒದಗುವುದಿಲ್ಲ. ಡಿ2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಅದು ತುಕ್ಕು ಹಿಡಿಯುವುದಕ್ಕೆ ಇದೇ ಕಾರಣ.

ಗಡಸುತನವನ್ನು ರಾಕ್‌ವೆಲ್ ಸಿ ಮಾಪಕದಲ್ಲಿ ಅಳೆಯುತ್ತಾರೆ. ವಜ್ರದ ಶಂಕುವನ್ನು 150 ಕಿಲೋಗ್ರಾಂ ಭಾರದಿಂದ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡುವ ಪರೀಕ್ಷೆ ಅದು. ಪೆಟ್ಟಿಗೆಯ ಮೇಲೆ ಎಚ್‌ಆರ್‌ಸಿ ಎಂದು ಕಾಣುವುದು ಇದೇ. ಜೇಬುಚಾಕುಗಳು ಬಹುತೇಕ 54ರಿಂದ 62ರ ನಡುವೆ ಇರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಕೀಲಕ ಇರುವುದು ಹದದಲ್ಲಿ. ಅಲಗನ್ನು ಸ್ಟೇನ್‌ಲೆಸ್ ಆದರೆ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಸಾಮಾನ್ಯವಾಗಿ ಇನ್ನೂರರ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಮೊದಲನೆಯದು ಗಡಸುತನ ತರುತ್ತದೆ, ಕೊನೆಯದು ಪೆಡಸುತನ ಕಳೆಯುತ್ತದೆ. ಇದರಲ್ಲಿ ಸಮಯ, ಉಷ್ಣತೆ ಕೊಂಚ ತಪ್ಪಿದರೂ ಒಳ್ಳೆಯ ಹೆಸರಿನ ಉಕ್ಕು ಕೆಟ್ಟ ಚಾಕುವಾಗುತ್ತದೆ. 59ಕ್ಕೆ ಹದವಾದ 8ಸಿಆರ್13ಎಂಒವಿ, 56ರಲ್ಲಿ ಉಳಿದ ಡಿ2ಗಿಂತ ನನಗೆ ಎಷ್ಟೋ ಮೇಲು. ಅಮೆರಿಕದ ಬಕ್ ಕಂಪನಿ 420ಎಚ್‌ಸಿ ಎಂಬ ಸಾಧಾರಣ ಉಕ್ಕಿಗೆ 58ರ ಆಸುಪಾಸಿನ ಹದ ಕೊಟ್ಟು ದಶಕಗಳಿಂದ ಹೆಸರು ಉಳಿಸಿಕೊಂಡಿದೆ. ಅದೇ ಉಕ್ಕು ಇನ್ನೊಬ್ಬರ ಕುಲುಮೆಯಿಂದ ಬಂದರೆ ಅದೇ ಚಾಕು ಆಗುವುದಿಲ್ಲ.

ಹೆಸರು ಓದುವ ಕೀಲಿ ಇಲ್ಲಿದೆ. ಚೀನಾದ ಉಕ್ಕುಗಳಲ್ಲಿ ಮೊದಲ ಅಂಕಿ ಇಂಗಾಲವನ್ನು ಶೇಕಡಾ ಹತ್ತನೇ ಒಂದರ ಲೆಕ್ಕದಲ್ಲಿ ಹೇಳುತ್ತದೆ, ಸಿಆರ್ ನಂತರದ ಅಂಕಿ ಕ್ರೋಮಿಯಂ ಶೇಕಡಾ ಎಷ್ಟೆಂದು ಹೇಳುತ್ತದೆ. 8ಸಿಆರ್13ಎಂಒವಿ ಎಂದರೆ ಇಂಗಾಲ ಸುಮಾರು 0.8, ಕ್ರೋಮಿಯಂ ಸುಮಾರು 13, ಜೊತೆಗೆ ಸ್ವಲ್ಪ ಮಾಲಿಬ್ಡಿನಂ ಮತ್ತು ವೆನೇಡಿಯಂ. 3ಸಿಆರ್13 ಎಂದರೆ ಇಂಗಾಲ 0.3 ಮಾತ್ರ. ಜರ್ಮನ್ ಪದ್ಧತಿಯ ಎಕ್ಸ್50ಸಿಆರ್‌ಎಂಒವಿ15 ಎಂಬುದರಲ್ಲಿ 50 ಎಂದರೆ 0.50 ಇಂಗಾಲ, 15 ಎಂದರೆ ಕ್ರೋಮಿಯಂ. ಅಮೆರಿಕದ 1095ರಲ್ಲಿ ಕೊನೆಯ ಎರಡು ಅಂಕಿ ಇಂಗಾಲ, ಅಂದರೆ 0.95, ಅದು ಸ್ಟೇನ್‌ಲೆಸ್ ಅಲ್ಲ. 420, 440 ಮೊದಲಾದವು ಬರೀ ದರ್ಜೆಯ ಸಂಖ್ಯೆಗಳು, ಅವುಗಳಲ್ಲಿ ಲೆಕ್ಕ ಹುಡುಕಬೇಡಿ.

ಈಗ ಗುಂಪುಗಳು, ನನ್ನ ಅಭಿಪ್ರಾಯದೊಂದಿಗೆ.

3ಸಿಆರ್13, 420ಜೆ2, ಮುಂದೆ ಅಕ್ಷರವಿಲ್ಲದ ಬರೀ 420: ಇಂಗಾಲ ಕಡಿಮೆ, ಅಂಚು ಮೆತ್ತಗೆ. ತುಕ್ಕು ಹತ್ತಿರ ಸುಳಿಯುವುದಿಲ್ಲ, ಹರಿತವೂ ನಿಲ್ಲುವುದಿಲ್ಲ. ಅಲಗಿಗಿಂತ ಹಿಡಿಯೊಳಗಿನ ಹಾಳೆಗೆ ತಕ್ಕ ಉಕ್ಕು.

420ಎಚ್‌ಸಿ, 5ಸಿಆರ್15ಎಂಒವಿ, ಎಕ್ಸ್50ಸಿಆರ್‌ಎಂಒವಿ15: ಇಂಗಾಲ ಅರ್ಧ ಶೇಕಡಾದ ಆಸುಪಾಸು. ಬೇಗ ಮೊಂಡಾದರೂ ನಾಲ್ಕು ಸಲ ಕಲ್ಲಿಗೆ ಉಜ್ಜಿದರೆ ಮತ್ತೆ ಸಿದ್ಧ. ಮುಕ್ಕಾಗುವುದು ಅಪರೂಪ. ಮಸೆಯುವ ಅಭ್ಯಾಸ ಇದ್ದವರಿಗೆ ಇದರಲ್ಲಿ ದೂರಲು ಏನೂ ಇಲ್ಲ.

8ಸಿಆರ್13ಎಂಒವಿ ಮತ್ತು ಜಪಾನಿನ ಎಯುಎಸ್-8: ಎರಡೂ ಹೆಚ್ಚುಕಡಿಮೆ ಒಂದೇ ಗುಣದವು. ಅಗ್ಗದ ಚಾಕುಗಳ ಬೆನ್ನೆಲುಬು ಇವೇ. ಮೊದಲ ಚಾಕುವಿಗೆ ಕಣ್ಣು ಮುಚ್ಚಿ ಕೊಳ್ಳಬಹುದು, ತಯಾರಕರು ಪರಿಚಿತರಾಗಿದ್ದರೆ.

12ಸಿ27 ಮತ್ತು 14ಸಿ28ಎನ್: ಸ್ವೀಡನ್ನಿನ ಸ್ಯಾಂಡ್‌ವಿಕ್ ಉಕ್ಕುಗಳು. ಆ ವಿಭಾಗ 2022ರಲ್ಲಿ ಅಲೈಮಾ ಎಂಬ ಹೆಸರಿನಲ್ಲಿ ಬೇರೆಯಾದ್ದರಿಂದ ಎರಡೂ ಹೆಸರು ಕಾಣಬಹುದು. ಇಂಗಾಲ 0.6ರ ಆಸುಪಾಸು ಮಾತ್ರ, ಆದರೆ ಕಾರ್ಬೈಡ್ ಕಣಗಳು ಬಹಳ ಸಣ್ಣವು. ತೆಳ್ಳನೆಯ ಅಂಚು ಮುಕ್ಕಾಗದೆ ನಿಲ್ಲುತ್ತದೆ. 14ಸಿ28ಎನ್‌ನಲ್ಲಿ ಸ್ವಲ್ಪ ಸಾರಜನಕ ಸೇರಿಸಿರುವುದರಿಂದ ತುಕ್ಕು ತಾಳಿಕೆಯೂ ಹೆಚ್ಚು. ಈ ಬೆಲೆಯಲ್ಲಿ ಒಂದೇ ಉಕ್ಕು ಆರಿಸು ಎಂದರೆ ನಾನು ಆರಿಸುವುದು ಇದನ್ನು.

ಡಿ2: ಅಚ್ಚು ಮತ್ತು ಕತ್ತರಿಸುವ ಯಂತ್ರಗಳಿಗಾಗಿ ಬಂದ ಉಪಕರಣದ ಉಕ್ಕು, ಇಂಗಾಲ ಸುಮಾರು 1.5 ಶೇಕಡಾ. ರಟ್ಟು, ಹಗ್ಗ ದಿನವಿಡೀ ಕತ್ತರಿಸುವವರಿಗೆ ಇದರ ಸವೆತ ತಾಳಿಕೆ ವರದಾನ. ಕಣಗಳು ದೊಡ್ಡವಾದ್ದರಿಂದ ಬಹಳ ತೆಳುವಾದ ಅಂಚು ಮುಕ್ಕಾಗುವ ಸಂಭವ ಇದೆ. ಮಸೆಯಲು ವಜ್ರದ ಪುಡಿ ಲೇಪಿಸಿದ ಕಲ್ಲು ಇದ್ದರೆ ಕೆಲಸ ಹಗುರ, ಇಲ್ಲದಿದ್ದರೆ ತಾಳ್ಮೆ ಬೇಕು. ಬೆವರು, ಹುಳಿ ಹಣ್ಣಿನ ರಸ, ಸಮುದ್ರದ ಗಾಳಿ ಇದಕ್ಕೆ ಆಗಿಬರುವುದಿಲ್ಲ. ಒರೆಸಿ ಇಡುವ ಅಭ್ಯಾಸ ಇಲ್ಲದವರು ದೂರ ಇರಿ.

1095 ಮತ್ತು ಒಪಿನೆಲ್ ಬಳಸುವ ಕಾರ್ಬನ್ ಉಕ್ಕು: ಮಸೆಯಲು ಸುಲಭ, ಹರಿತ ಸೊಗಸು. ಬಳಸುತ್ತ ಹೋದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ತುಕ್ಕಲ್ಲ, ಇರಲಿ ಬಿಡಿ. ಕೆಂಪಗಾದರೆ ಮಾತ್ರ ಉಜ್ಜಿ ತೆಗೆಯಿರಿ.

440ಸಿ, 9ಸಿಆರ್18ಎಂಒವಿ, 10ಸಿಆರ್15ಸಿಒಎಂಒವಿ: ಅಗ್ಗದ ಸಾಲಿನ ಮೇಲ್ತುದಿಯಲ್ಲಿ ಸಿಗುವವು. ಹದ ಸರಿಯಿದ್ದರೆ ಹರಿತ ಹೆಚ್ಚು ಕಾಲ ನಿಲ್ಲುತ್ತದೆ, ತುಕ್ಕಿನ ಕಾಟವೂ ಕಡಿಮೆ.

5. ಅಲಗಿನ ಮೇಲಿನ ಬರಹವನ್ನು ಅನುಮಾನದಿಂದ ಓದಿ

"ಸರ್ಜಿಕಲ್ ಸ್ಟೀಲ್" ಎಂಬುದಕ್ಕೆ ನಿಗದಿತ ಅರ್ಥವಿಲ್ಲ. ಬರೀ "ಸ್ಟೇನ್‌ಲೆಸ್" ಎಂದರೆ ಹೇಳಲು ಹೆಮ್ಮೆಯ ಹೆಸರಿಲ್ಲ ಎಂದು ತಿಳಿಯಿರಿ. "440" ಎಂದು ಬರೆದು ಮುಂದೆ ಎ, ಬಿ, ಸಿ ಇಲ್ಲದಿದ್ದರೆ ಅದನ್ನು 440ಎ ಎಂದೇ ಲೆಕ್ಕಹಾಕಿ. 440ಸಿಯಲ್ಲಿ ಇಂಗಾಲ 0.95ರಿಂದ 1.2, 440ಎಯಲ್ಲಿ 0.6ರಿಂದ 0.75. ಸಿ ಹಾಕಿ ಮಾಡಿದವರು ಆ ಅಕ್ಷರ ಬರೆಯಲು ಮರೆಯುವುದಿಲ್ಲ.

ಅಲೆಅಲೆಯ ಡಮಾಸ್ಕಸ್ ವಿನ್ಯಾಸ ಕಂಡರೆ ಅಲಗಿನ ಬೆನ್ನನ್ನು ನೋಡಿ. ಪದರಗಳನ್ನು ಬೆಸೆದು ಮಾಡಿದ್ದಾದರೆ ಗೆರೆಗಳು ಬೆನ್ನನ್ನು ಹಾದು ಆಚೆ ಬದಿಗೂ ಮುಂದುವರಿಯುತ್ತವೆ. ಲೇಸರ್‌ನಿಂದ ಅಚ್ಚೊತ್ತಿದ್ದಾದರೆ ಬದಿಯಲ್ಲೇ ನಿಂತುಹೋಗುತ್ತವೆ. ಎಸ್30ವಿಯಂತಹ ದುಬಾರಿ ಪುಡಿ ಉಕ್ಕು, ಅಂದರೆ ಕರಗಿದ ಲೋಹವನ್ನು ಪುಡಿ ಮಾಡಿ ಒತ್ತಿ ಬೆಸೆದ ಉಕ್ಕು, ಎಲ್ಲಕ್ಕಿಂತ ಅಗ್ಗದ ಚಾಕುವಿನಲ್ಲಿ ಇದೆಯೆಂದು ಬರೆದಿದ್ದರೆ ನಂಬಬೇಡಿ. ಆ ಉಕ್ಕಿನ ಬೆಲೆ, ಅದನ್ನು ಕೆತ್ತುವ ಕೂಲಿ ಎರಡೂ ಆ ದರದಲ್ಲಿ ಗಿಟ್ಟುವುದಿಲ್ಲ.

ಅಯಸ್ಕಾಂತ ಹಿಡಿದು ನೋಡಿ. ಗಡಸು ಮಾಡಬಲ್ಲ ಚಾಕು ಉಕ್ಕುಗಳು ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುತ್ತವೆ. ಅಂಟದಿದ್ದರೆ ಅದು ಪಾತ್ರೆಗಳಿಗೆ ಬಳಸುವ ಜಾತಿಯ ಸ್ಟೇನ್‌ಲೆಸ್ ಇರಬಹುದು, ಅದಕ್ಕೆ ಹದ ಕೊಡಲು ಬರುವುದಿಲ್ಲ. ಅಂಟಿದ ಮಾತ್ರಕ್ಕೆ ಒಳ್ಳೆಯ ಉಕ್ಕು ಎಂದಲ್ಲ. ಇದು ಕಳಪೆಯನ್ನು ಹೊರಗಿಡುವ ಜರಡಿ, ಅಷ್ಟೇ.

ಹದ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕೊನೆಗೆ ನಂಬಬೇಕಾದದ್ದು ತಯಾರಕರನ್ನು. ಉಕ್ಕಿನ ಪೂರ್ಣ ಹೆಸರು, ಗಡಸುತನದ ವ್ಯಾಪ್ತಿ, ಖಾತರಿಯ ಷರತ್ತು ಇವನ್ನು ಬಹಿರಂಗವಾಗಿ ಬರೆಯುವವರು, ಅದೇ ಮಾದರಿಯನ್ನು ವರ್ಷಗಟ್ಟಲೆ ಮಾರುವವರು ಒಂದು ಕಡೆ. ಪ್ರತಿ ತಿಂಗಳೂ ಹೊಸ ಹೆಸರಿನಲ್ಲಿ ಬರುವವರು ಇನ್ನೊಂದು ಕಡೆ. ಹೆಸರಾಂತ ಮಾದರಿಗಳ ನಕಲು ಕೂಡ ಹೇರಳ. ಎಲ್ಲೆಡೆ ಒಂದೇ ದರ ಇರುವ ಚಾಕು ಒಂದು ಕಡೆ ಮಾತ್ರ ಅರ್ಧಕ್ಕೆ ಸಿಕ್ಕಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ.

6. ಹಿಡಿ, ಸ್ಕ್ರೂ, ಕ್ಲಿಪ್

ಇದನ್ನು ಬೇಗ ಮುಗಿಸೋಣ. ಗಾಜಿನ ನಾರು ಬೆರೆಸಿದ ನೈಲಾನ್ ಹಗುರ, ಗಟ್ಟಿ, ನೋಡಲು ಸಾಧಾರಣ. ಜಿ10 ಎಂದರೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಒತ್ತಿ ಮಾಡಿದ ಹಾಳೆ. ಒದ್ದೆ ಕೈಗೂ ಜಾರುವುದಿಲ್ಲ. ಮರ ಚೆಂದ, ಆದರೆ ನೀರು ಕುಡಿದರೆ ಉಬ್ಬಿ ಅಲಗು ತೆರೆಯಲು ಬಿಗಿಯಾಗಬಹುದು. ನಯವಾದ ಲೋಹದ ಹಿಡಿ ಒದ್ದೆಯಾದಾಗ ಜಾರುತ್ತದೆ. ಹಿಡಿಯನ್ನು ಗಟ್ಟಿಯಾಗಿ ಮುಷ್ಟಿ ಮಾಡಿ ಒಂದು ನಿಮಿಷ ಹಿಡಿದುಕೊಳ್ಳಿ. ಎಲ್ಲಿ ಚುಚ್ಚುತ್ತದೆಯೋ ಅಲ್ಲಿ ಅರ್ಧ ಗಂಟೆಯ ಕೆಲಸದಲ್ಲಿ ಬೊಬ್ಬೆ ಏಳುತ್ತದೆ. ಹೆಚ್ಚಾಗಿ ಅಪರಾಧಿ ಚಾಕುವನ್ನು ಜೇಬಿಗೆ ಸಿಕ್ಕಿಸುವ ಕ್ಲಿಪ್.

ಕೀಲಿನಲ್ಲಿ ಸ್ಕ್ರೂ ಇದ್ದರೆ ಬಿಗಿತ ಹೊಂದಿಸಬಹುದು, ಬಿಚ್ಚಿ ತೊಳೆಯಬಹುದು. ಅಗ್ಗದ ಸ್ಕ್ರೂಗಳ ತಲೆ ಮೆತ್ತಗಿರುತ್ತದೆ. ಅಳತೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿದರೆ ಒಂದೇ ತಿರುವಿಗೆ ಮೂಲೆಗಳು ಹೋಗುತ್ತವೆ.

7. ಕೈಗೆ ಬಂದ ಮೇಲೆ

ಮೊದಲು ಸಾಬೂನು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಕಾರ್ಖಾನೆಯ ಪುಡಿ ಕೀಲಿನಲ್ಲಿ ಉಳಿದಿರುತ್ತದೆ. ಆಮೇಲೆ ಕೀಲಿಗೆ ಒಂದು ಹನಿ ತೆಳುವಾದ ಯಂತ್ರದ ಎಣ್ಣೆ. ಹಣ್ಣು ಹೆಚ್ಚುವ ಚಾಕುವಾದರೆ ತಿನ್ನುವ ಪದಾರ್ಥಕ್ಕೆ ತಾಗಬಹುದಾದ ಮಿನರಲ್ ಎಣ್ಣೆ ಬಳಸಿ. ಅಡುಗೆ ಎಣ್ಣೆ ಬೇಡ, ಅದು ಕಾಲಕ್ರಮದಲ್ಲಿ ಅಂಟಾಗುತ್ತದೆ.

ಕಾಗದವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬುಡದಿಂದ ಮೊನೆಯವರೆಗೆ ಎಳೆದು ಕತ್ತರಿಸಿ. ತಡೆಯುವ ಜಾಗ ಟಾರ್ಚ್ ಬೆಳಕಿನಲ್ಲಿ ಕಂಡ ಚುಕ್ಕೆಯೇ ಆಗಿರುತ್ತದೆ. ನಂತರ ರಟ್ಟನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತ ಹೋಗಿ, ಮಧ್ಯೆ ಮಧ್ಯೆ ಕಾಗದದಿಂದ ಹರಿತ ನೋಡಿ. ರಟ್ಟಿನಲ್ಲಿ ಧೂಳು, ಖನಿಜದ ಕಣಗಳು ಇರುವುದರಿಂದ ಅಂಚಿಗೆ ಅದು ಒಳ್ಳೆಯ ಪರೀಕ್ಷೆ.

ಬೇಗನೆ ಮೊಂಡಾಯಿತೆಂದು ಕೂಡಲೇ ಉಕ್ಕನ್ನು ಬೈಯಬೇಡಿ. ಮೊನೆಯಂತೆ ಅಂಚು ಕೂಡ ಕಾರ್ಖಾನೆಯ ಸಾಣೆಯಲ್ಲಿ ಕಾದು ಮೆತ್ತಗಾಗಿರಬಹುದು. ಆ ತೆಳುವಾದ ಪದರ ಹೋಗುವವರೆಗೆ ನಿಜವಾದ ಉಕ್ಕು ಸಿಗುವುದಿಲ್ಲ. ಇನ್ನೊಂದು ಕಾರಣ ಬರ್. ಮಸೆದಾಗ ಅಂಚಿನಲ್ಲಿ ಉಳಿಯುವ ಕಾಣದಷ್ಟು ಸಣ್ಣ ಮಡಿಕೆ ಅದು. ಹತ್ತಿಯ ಮೇಲೆ ಅಂಚನ್ನು ಹಗುರವಾಗಿ ಎಳೆದರೆ ನಾರು ಸಿಕ್ಕಿಕೊಂಡು ಗೊತ್ತಾಗುತ್ತದೆ. ಹಾಗಾಗಿ ಎರಡು ಮೂರು ಸಲ ಕೈಯಲ್ಲೇ, ಕಲ್ಲಿನ ಮೇಲೆ, ಪ್ರತಿ ಬದಿಗೆ 17ರಿಂದ 20 ಡಿಗ್ರಿ ಕೋನದಲ್ಲಿ ಮಸೆದು, ಕೊನೆಗೆ ಒತ್ತಡ ಕಡಿಮೆ ಮಾಡುತ್ತ ಬರ್ ತೆಗೆದು, ಆಮೇಲೆ ತೀರ್ಪು ಕೊಡಿ. ಕೋನ ತಿಳಿಯಲು ಅಂಚಿನ ಪಟ್ಟಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಒಂದು ಸಲ ಉಜ್ಜಿ; ಬಣ್ಣ ಪೂರ್ತಿ ಹೋದರೆ ಕೋನ ಸರಿ, ಮೇಲ್ಭಾಗದಲ್ಲಿ ಮಾತ್ರ ಹೋದರೆ ಅಲಗನ್ನು ತುಸು ಎತ್ತಬೇಕು, ತುದಿಯಲ್ಲಿ ಮಾತ್ರ ಹೋದರೆ ಇಳಿಸಬೇಕು.

ಹದ ತಿಳಿಯಲು ಚಾಕು ತಯಾರಕರು ಬಳಸುವ ಹಳೆಯ ಪರೀಕ್ಷೆಯೊಂದಿದೆ. ಸುಮಾರು 6 ಮಿಲಿಮೀಟರ್ ದಪ್ಪದ ಹಿತ್ತಾಳೆ ಕಡ್ಡಿಯನ್ನು ಮೇಜಿಗೆ ಭದ್ರಪಡಿಸಿ. ಮಸೆದ ಅಂಚನ್ನು ಮಸೆಯುವ ಕೋನದಲ್ಲೇ ಅದರ ಮೇಲಿಟ್ಟು, ಹಗುರವಾಗಿ ಒತ್ತಿ ಉದ್ದಕ್ಕೆ ಸರಿಸಿ. ಬೆಳಕಿಗೆ ಹಿಡಿದು ನೋಡಿದರೆ, ತೆಳುವಾದ ಅಂಚು ಕಡ್ಡಿಯ ಮೇಲೆ ಕಿರಿದಾಗಿ ಬಾಗುವುದು ಕಾಣುತ್ತದೆ. ಕಡ್ಡಿ ದಾಟಿದ ಮೇಲೆ ಅದು ಮತ್ತೆ ನೆಟ್ಟಗಾದರೆ ಹದ ಸರಿಯಿದೆ. ಬಾಗಿದಂತೆಯೇ ಉಳಿದರೆ ಮೆತ್ತಗೆ. ಚೂರು ಹಾರಿ ಮುಕ್ಕಾದರೆ ಪೆಡಸು. ದಪ್ಪ ಅಂಚು ಬಾಗುವುದೇ ಇಲ್ಲವಾದ್ದರಿಂದ ಈ ಪರೀಕ್ಷೆ ತೆಳುವಾದ ಅಲಗಿಗೆ ಮಾತ್ರ. ಅಂಚಿಗೆ ಗುರುತು ಬೀಳುತ್ತದೆ, ಹಾಗಾಗಿ ಹಿಂದಿರುಗಿಸುವ ಯೋಚನೆ ಇದ್ದರೆ ಮಾಡಬೇಡಿ.

ಮೊದಲ ಕೆಲವು ವಾರ ಕೀಲಿನ ಸ್ಕ್ರೂವನ್ನು ಆಗಾಗ ನೋಡುತ್ತಿರಿ. ತಾನಾಗಿ ಸಡಿಲವಾಗುತ್ತಿದ್ದರೆ ಬಿಚ್ಚಿ, ಎಣ್ಣೆ ಒರೆಸಿ, ಸ್ಕ್ರೂ ಹಿಡಿದಿಡುವ ಅಂಟಿನಲ್ಲಿ ಬಿಚ್ಚಲು ಬರುವ ಬಗೆಯದನ್ನು ಒಂದು ಚುಕ್ಕೆ ಹಚ್ಚಿ ಬಿಗಿಯಿರಿ. ಗಟ್ಟಿ ಬಗೆಯದನ್ನು ಹಚ್ಚಿದರೆ ಮುಂದಿನ ಸಲ ಬಿಚ್ಚಲು ಹೋದಾಗ ಸ್ಕ್ರೂವಿನ ತಲೆಯೇ ಕೈಗೆ ಬರುತ್ತದೆ.